ಮನೋವೈದ್ಯರನ್ನು ಮುಂದಾಳುಗಳಾಗಿ ಬೆಳೆಸುವುದು: ಮೈಸೂರು–ಮಂಡ್ಯದ ಮೆಡಿಕಲ್ ಕಾಲೇಜುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಬಿಬಿಎಸ್‌ನಲ್ಲಿ ಸೈಕಿಯಾಟ್ರಿಗೆ (ಮನೋವೈದ್ಯಶಾಸ್ತ್ರಕ್ಕೆ) ಪ್ರತ್ಯೇಕ ಪರೀಕ್ಷೆ ಇಲ್ಲ. ಮೆಡಿಸಿನ್ ಪತ್ರಿಕೆಯ ಮೂಲೆಯಲ್ಲಿ ಒಂದೆರಡು ಪ್ರಶ್ನೆ, ಕೆಲವು ವಾರಗಳ ಪೋಸ್ಟಿಂಗ್, ಇಂಟರ್ನ್‌ಶಿಪ್‌ನಲ್ಲಿ ಎರಡು ವಾರ, ಅಲ್ಲಿಗೆ ಮುಗಿಯಿತು. ಇದರ ಪರಿಣಾಮವನ್ನು ಯಾವುದೇ ಕಾಲೇಜ್ ಕೌನ್ಸಿಲ್ ಸಭೆಯಲ್ಲಿ ನೋಡಬಹುದು. ಮೆಡಿಸಿನ್, ಸರ್ಜರಿ, ಓಬಿಜಿ (ಹೆರಿಗೆ, ಸ್ತ್ರೀರೋಗ), ಪೀಡಿಯಾಟ್ರಿಕ್ಸ್ ಎಚ್‌ಒಡಿಗಳ (ವಿಭಾಗ ಮುಖ್ಯಸ್ಥರ) ಮಾತು ಮುಗಿದು "ಸೈಕಿಯಾಟ್ರಿಯವರು ಏನಾದ್ರೂ ಹೇಳೋದಿದೆಯಾ?" ಎಂದು ಕೇಳುವ ಹೊತ್ತಿಗೆ ಕಾಫಿ ಬಂದಿರುತ್ತದೆ.

ಇದಕ್ಕೆ ಎಲ್ಲರೂ ಸೂಚಿಸುವ ಪರಿಹಾರ ಲೀಡರ್‌ಶಿಪ್ ವರ್ಕ್‌ಶಾಪ್. ಬ್ಯಾನರ್, ದೀಪ ಬೆಳಗುವುದು, ಸ್ಲೈಡುಗಳು, ಊಟ, ಸರ್ಟಿಫಿಕೇಟ್. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಸಣ್ಣ ವಿಭಾಗದ ವೈದ್ಯರು ಸಂಸ್ಥೆಯಲ್ಲಿ ಮುಂದಾಳಾಗುವುದು ಬೇರೆಯವರ ವಾರ್ಡಿನಲ್ಲಿ, ಬೇರೆಯವರ ಕಷ್ಟಕ್ಕೆ ಹೆಗಲು ಕೊಟ್ಟಾಗ. ಹಾಗಾಗಿ ಅವರನ್ನು ಬೆಳೆಸುವ ಕೆಲಸ ಪಿಜಿಯ (ಸ್ನಾತಕೋತ್ತರ ವ್ಯಾಸಂಗದ) ಮೊದಲ ವರ್ಷದಲ್ಲೇ, ವಿಭಾಗದ ಬಾಗಿಲಿನಾಚೆಯೇ ಶುರುವಾಗಬೇಕು. ಪ್ರೊಫೆಸರ್ ಆದಮೇಲೆ ನೋಡೋಣ ಎಂದರೆ ತಡವಾಗಿರುತ್ತದೆ.

ಈ ಭಾಗದಲ್ಲಿ ಅದಕ್ಕೆ ಬೇಕಾದ ನೆಲ ಇದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು ಮತ್ತು ಅದರ ಕೆ.ಆರ್. ಆಸ್ಪತ್ರೆ, 1984ರ ಜೆಎಸ್‌ಎಸ್, ಬಿ.ಜಿ. ನಗರದ ಆದಿಚುಂಚನಗಿರಿ, 2006ರಲ್ಲಿ ಬಂದ ಮಂಡ್ಯದ ಮಿಮ್ಸ್. ಒಂದರಿಂದ ಇನ್ನೊಂದಕ್ಕೆ ಬೆಳಿಗ್ಗೆ ಹೊರಟು ಸಂಜೆ ವಾಪಸಾಗಬಹುದು. ಈ ಬರಹ ಮುಖ್ಯವಾಗಿ ಇಂಥ ಕಾಲೇಜುಗಳ ಎಚ್‌ಒಡಿಗಳಿಗೆ. ತನ್ನನ್ನು ಬೆಳೆಸುವ ಎಚ್‌ಒಡಿ ಸಿಗದ ಅಸಿಸ್ಟೆಂಟ್ ಪ್ರೊಫೆಸರ್ ಕೂಡ ಎರಡನೇ ಹೆಜ್ಜೆಯಿಂದ ಒಬ್ಬರೇ ಶುರುಮಾಡಬಹುದು.

ಹೆಜ್ಜೆ 1: ಯಾರಲ್ಲಿ ಆ ಗುಣ ಇದೆ ಎಂದು ಗುರುತಿಸುವುದು

ಗೋಲ್ಡ್ ಮೆಡಲ್ ನೋಡಬೇಡಿ. ಹೇಳಿದ ಕೆಲಸಕ್ಕೆಲ್ಲ "ಆಯ್ತು ಸರ್" ಅನ್ನುವವರನ್ನೂ ಆರಿಸಬೇಡಿ. ಅವರಿಂದ ನಿಮಗೆ ಅನುಕೂಲ, ವಿಭಾಗಕ್ಕಲ್ಲ. ಬೇರೆ ವಾರ್ಡಿನ ಸಿಸ್ಟರ್ ಯಾರ ನಂಬರಿಗೆ ನೇರವಾಗಿ ಫೋನ್ ಮಾಡುತ್ತಾರೆ? ಡ್ಯೂಟಿ ಅದಲುಬದಲು ಮಾಡುವಾಗ ಜಗಳವಿಲ್ಲದೆ ಪಟ್ಟಿ ಹೊಂದಿಸುವವರು ಯಾರು? ನಿಮ್ಮ ಮಾತು ತಪ್ಪು ಅನಿಸಿದಾಗ ರೌಂಡ್ಸ್‌ನಲ್ಲಿ ಸುಮ್ಮನಿದ್ದು, ಆಮೇಲೆ ಚೇಂಬರಿಗೆ ಬಂದು "ಮೇಡಂ, ಆ ಡೋಸ್ ಇನ್ನೊಮ್ಮೆ ನೋಡೋಣ" ಎಂದವರು ಯಾರು? ಸಾಮಾನ್ಯವಾಗಿ ಮೂರಕ್ಕೂ ಒಂದೇ ಹೆಸರು ಬರುತ್ತದೆ.

ಹೆಜ್ಜೆ 2: ರೆಫರೆನ್ಸ್ ಕೆಲಸವನ್ನೇ ಪಾಠಶಾಲೆ ಮಾಡುವುದು

ಈ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಬೇರೆ ವಿಭಾಗಗಳಿಂದ ಬರುವ ರೆಫರೆನ್ಸ್‌ಗಳನ್ನು (ನಮ್ಮ ರೋಗಿಯನ್ನೊಮ್ಮೆ ನೋಡಿ ಎಂಬ ಕೋರಿಕೆಗಳನ್ನು) ಪಿಜಿಗಳು ಕಾಟ ಎಂದುಕೊಳ್ಳುತ್ತಾರೆ. ಒಪಿಡಿ ಮುಗಿಸಿ, ಊಟ ಮಾಡಿ, ಮೂರು ಗಂಟೆಗೆ ಹೋಗಿ, ಎರಡು ಪುಟದ ಮೆಂಟಲ್ ಸ್ಟೇಟಸ್ ಬರೆದು ಬರುತ್ತಾರೆ. ಅದನ್ನು ಸರ್ಜರಿ ಪಿಜಿ ಓದುವುದಿಲ್ಲ.

ಮೊದಲು ಬರೆಯುವ ರೀತಿ ಬದಲಾಗಲಿ. ಕೇಸ್ ಶೀಟಿನಲ್ಲಿ ಮೇಲ್ಗಡೆ ಮೂರೇ ಸಾಲು: ಇದು ಏನು, ಇವತ್ತು ರಾತ್ರಿ ಏನು ಮಾಡಬೇಕು, ನಾನು ಮತ್ತೆ ಯಾವಾಗ ಬರುತ್ತೇನೆ. ಉಳಿದ ವಿವರ ಕೆಳಗೆ. ಬರೆದ ಮೇಲೆ ಆ ಯೂನಿಟ್ಟಿನ ಡ್ಯೂಟಿ ಡಾಕ್ಟರಿಗೆ ಬಾಯಲ್ಲಿ ಹೇಳಿ ಬರಬೇಕು.

ಆಮೇಲೆ ಒಂದು ರಿಜಿಸ್ಟರ್. ರೆಫರೆನ್ಸ್ ಬಂದ ಸಮಯ, ನೋಡಿದ ಸಮಯ, ನಾವು ನೋಡುವ ಮೊದಲೇ ಡಿಸ್ಚಾರ್ಜ್ ಆದವರು ಎಷ್ಟು ಮಂದಿ. ಇದನ್ನು ಮೊದಲ ವರ್ಷದ ಪಿಜಿಯೇ ಇಟ್ಟು, ತಿಂಗಳ ಕೊನೆಗೆ ಮೆಡಿಸಿನ್ ವಿಭಾಗದ ಕ್ಲಿನಿಕಲ್ ಮೀಟಿಂಗಿಗೆ ಒಯ್ದು ಹತ್ತು ನಿಮಿಷ ಮಾತಾಡಬೇಕು. ನಮ್ಮ ವಿಭಾಗದ ಮೀಟಿಂಗಿನಲ್ಲಿ ಮಂಡಿಸಿದರೆ ಪ್ರಯೋಜನವಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಮೆಡಿಸಿನ್‌ನವರು "ನೀವೇ ಲೇಟಾಗಿ ಬರೋದಲ್ವಾ?" ಎಂದು ಕೇಳಲಿ. ಅಂಕಿ ಕೈಯಲ್ಲಿ ಹಿಡಿದು, ಸಿಟ್ಟಿಲ್ಲದೆ ಅದಕ್ಕೆ ಉತ್ತರ ಕೊಡುವುದೇ ಅವತ್ತಿನ ಪಾಠ.

ಎರಡನೇ ವರ್ಷಕ್ಕೆ ಬಂದಾಗ ಒಂದು ನಿಜವಾದ ಸಮಸ್ಯೆಯನ್ನು ಪೂರ್ತಿಯಾಗಿ ಒಪ್ಪಿಸಿ. ನಮ್ಮ ಸೀಮೆಗೆ ಹೊಂದುವ ಉದಾಹರಣೆ ವಿಷ ಸೇವಿಸಿ ಬರುವವರು. ಕಬ್ಬು, ಭತ್ತದ ನಾಡಿನಲ್ಲಿ ಮನೆಯ ಮೂಲೆಯಲ್ಲೇ ಕೀಟನಾಶಕದ ಬಾಟಲಿ ಇರುತ್ತದೆ. 2015ರ ಬರದಲ್ಲಿ ಮಂಡ್ಯದ ರೈತರ ಆತ್ಮಹತ್ಯೆಗಳು ರಾಜ್ಯವನ್ನೇ ಕಂಗೆಡಿಸಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂಥ ರೋಗಿ ಐಸಿಯುವಿನಲ್ಲಿ ಅಟ್ರೋಪಿನ್, ವೆಂಟಿಲೇಟರ್ ದಾಟಿ ಬದುಕುತ್ತಾರೆ. ಮನೋವೈದ್ಯರು ನೋಡುವ ಮೊದಲೇ ಮನೆಯವರು ಸಹಿ ಹಾಕಿ ಕರೆದೊಯ್ಯುತ್ತಾರೆ. ಕಾರಣ ಹಲವು: ಖರ್ಚು, ಮರ್ಯಾದೆ, ಎಲ್ಲಕ್ಕಿಂತ ಮಿಗಿಲಾಗಿ ಪೊಲೀಸ್ ಭಯ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ) ಆದ ತಕ್ಷಣ ಕೇಸು ಬೀಳುತ್ತದೆ ಎಂದೇ ಜನ ತಿಳಿದಿದ್ದಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್ನಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 309 ಕೂಡ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ರೂಪದಲ್ಲಿ ಇಲ್ಲ. ಆದರೆ ಇದನ್ನು ಐಸಿಯು ಹೊರಗೆ ಟವೆಲ್ ಹಾಸಿ ಕೂತ ತಂದೆಗೆ ಹೇಳುವವರು ಬೇಕಲ್ಲ.

ಪಿಜಿಗೆ ಕೊಡಬೇಕಾದ ಕೆಲಸ ಹೀಗಿರಲಿ:

1. ಮೆಡಿಸಿನ್ ಯೂನಿಟ್, ಐಸಿಯು ಸಿಸ್ಟರ್, ಆಸ್ಪತ್ರೆಯ ಪೊಲೀಸ್ ಚೌಕಿ, ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ), ನಾಲ್ಕೂ ಕಡೆ ಹೋಗಿ ಎಲ್ಲಿ ಕೊಂಡಿ ಕಳಚುತ್ತಿದೆ ಎಂದು ಕೇಳಿ ಬರುವುದು.
2. ಅರ್ಧ ಪುಟದ ಒಪ್ಪಂದ ಬರೆಯುವುದು. ಯಾರು, ಎಷ್ಟು ಗಂಟೆಯೊಳಗೆ ಸೈಕಿಯಾಟ್ರಿಗೆ ತಿಳಿಸಬೇಕು. ಮನೆಯವರು ಹಟ ಹಿಡಿದು ಹೊರಟರೆ ಕೊನೆಯ ಹತ್ತು ನಿಮಿಷದಲ್ಲಿ ಏನು ಮಾಡಬೇಕು. (ಕೀಟನಾಶಕದ ಬಾಟಲಿ ಕೈಗೆ ಸಿಗದಂತೆ ಇಡಲು ಹೇಳುವುದು, ಮನೆಯಲ್ಲಿ ಒಬ್ಬರ ಫೋನ್ ನಂಬರ್ ಪಡೆಯುವುದು, ಟೆಲಿ ಮಾನಸ್ ಸಹಾಯವಾಣಿ 14416 ಬರೆದ ಚೀಟಿ, ಮತ್ತೆ ಬರುವ ದಿನ.)
3. ಎರಡೂ ಎಚ್‌ಒಡಿಗಳ ಸಹಿ ಹಾಕಿಸಿ ಐಸಿಯು ಗೋಡೆಗೆ ಅಂಟಿಸುವುದು.
4. ಮೂರು ತಿಂಗಳಾದ ಮೇಲೆ ರಿಜಿಸ್ಟರ್ ತೆರೆದು, ಆ ಕಾಗದ ನಡೆಯುತ್ತಿದೆಯೋ ಗೋಡೆಯ ಮೇಲಷ್ಟೇ ಇದೆಯೋ ನೋಡುವುದು.

ಮೂರನೆಯದು ಸಲೀಸು ಎನಿಸುತ್ತದೆ, ಆದರೆ ಹೆಚ್ಚು ಕಲಿಸುವುದು ಅದೇ. ಇನ್ನೊಂದು ವಿಭಾಗದ ಎಚ್‌ಒಡಿ ಚೇಂಬರಿನ ಹೊರಗೆ ಕಾಯುವುದು, ಅವರು ಹೇಳಿದ ತಿದ್ದುಪಡಿಯಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ನಯವಾಗಿ ಬಿಡಬೇಕು ಎಂದು ತೂಗುವುದು, ಇವನ್ನು ಯಾವ ಸ್ಲೈಡೂ ಕಲಿಸಲಾರದು. ನೀವು ಫೋನ್ ಮಾಡಿ ಹಾದಿ ಸುಗಮ ಮಾಡಿಕೊಟ್ಟರೆ ಪಾಠ ಕೆಟ್ಟಿತು. ಪಿಜಿ ಎರಡು ಸಲ ಬರಿಗೈಯಲ್ಲಿ ಬಂದ ಮೇಲೆ ಮಾತ್ರ ಮಾಡಿ.

ಹೆಜ್ಜೆ 3: ಊರಿಂದಾಚೆಯ ಮೂರು ತಿಂಗಳು

ಈಗಿನ ನಿಯಮದಂತೆ ಪಿಜಿಗಳೆಲ್ಲ ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ (ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ) ಹೋಗಬೇಕು. ಬಹುಪಾಲು ಮಂದಿ ಇದನ್ನು ಥೀಸಿಸ್ ಬರೆಯುವ ರಜೆ ಮಾಡಿಕೊಳ್ಳುತ್ತಾರೆ. ಬಿಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರುವುದಿಲ್ಲ. ಒಬ್ಬ ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್, ಇಷ್ಟು ಜನ ಇಡೀ ಜಿಲ್ಲೆಯನ್ನು ನೋಡಬೇಕು. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಕೂಡ ಕರ್ನಾಟಕದ್ದೇ.

ಅಲ್ಲಿ ಪಿಜಿ ಮಾಡಬೇಕಾದ ಒಂದೇ ಕೆಲಸ ಹೇಳಿ: ಔಷಧಿ ಮುಗಿಯುವ ಮೊದಲು ಇಂಡೆಂಟ್ (ಬೇಡಿಕೆ ಪಟ್ಟಿ) ಹೋಗುವ ದಾರಿಯನ್ನು ಪತ್ತೆ ಮಾಡಿ, ಎಲ್ಲಿ ನಿಲ್ಲುತ್ತಿದೆ ಎಂದು ಬರೆದು ತರುವುದು. ಕೆ.ಆರ್. ಪೇಟೆಯಿಂದಲೋ ಎಚ್.ಡಿ. ಕೋಟೆಯ ಹಾಡಿಯಿಂದಲೋ ಬಸ್ಸು ಹತ್ತಿ ಬಂದವರಿಗೆ "ರಿಸ್ಪೆರಿಡೋನ್ ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬಾರಕ್ಕ" ಎಂದು ಹೇಳುವ ಸ್ಥಿತಿ ಏಕೆ ಬರುತ್ತದೆ ಎಂದು ತಿಳಿದವರು ಮುಂದೆ ಡೀನ್ ಕುರ್ಚಿಯಲ್ಲಿ ಕೂತರೂ ಸ್ಟೋರ್ ರೂಮನ್ನು ಮರೆಯುವುದಿಲ್ಲ.

ಹೆಜ್ಜೆ 4: ಕಡತ ಓದಲು, ಟಿಪ್ಪಣಿ ಬರೆಯಲು ಕಲಿಸುವುದು

ಬುದ್ಧಿವಂತ ವೈದ್ಯರು ಸೋಲುವುದು ಇಲ್ಲೇ. ಸರ್ಕಾರಿ ಕಾಲೇಜಿನಲ್ಲಿ ಇಸಿಟಿ (ವಿದ್ಯುತ್ ಕಂಪನ ಚಿಕಿತ್ಸೆ) ಯಂತ್ರ ಬೇಕೆಂದರೆ ಅದು ಬೇಕು ಎಂಬ ವಾದ ಸಾಲದು. ಯಾವ ಲೆಕ್ಕ ಶೀರ್ಷಿಕೆ, ಯಾವ ವರ್ಷದ ಅನುದಾನ, ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಬೇಕೋ ಬೇಡವೋ, ಸ್ಪೆಸಿಫಿಕೇಷನ್ ಯಾರು ಬರೆಯಬೇಕು, ಇಷ್ಟು ಗೊತ್ತಿರಬೇಕು. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ಕರ್ನಾಟಕದ ಈ ಕಾಯ್ದೆ 1999ರದ್ದು. ಸೆಕ್ಷನ್ ಅಧಿಕಾರಿಗೆ ಅದು ಬಾಯಿಪಾಠ, ಪ್ರೊಫೆಸರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಹಾಗಾಗಿ ಕಡತ ವಾಪಸ್ ಬರುತ್ತದೆ, ಪ್ರೊಫೆಸರರು "ಆಫೀಸಿನವರು ಮಾಡಿಕೊಡಲ್ಲ" ಎಂದು ಮುನಿಸಿಕೊಳ್ಳುತ್ತಾರೆ.

ಮೈಸೂರಿನವರಿಗೆ ಒಂದು ಅನುಕೂಲ ಇದೆ: ರಾಜ್ಯದ ಅಧಿಕಾರಿಗಳಿಗೆ ತರಬೇತಿ ಕೊಡುವ ಆಡಳಿತ ತರಬೇತಿ ಸಂಸ್ಥೆ ಲಲಿತಮಹಲ್ ರಸ್ತೆಯಲ್ಲೇ ಇದೆ. ಸೇವಾ ನಿಯಮ, ಖರೀದಿ, ಕಚೇರಿ ಪದ್ಧತಿ ಕುರಿತ ತರಬೇತಿಗೆ ಅಸೋಸಿಯೇಟ್ ಪ್ರೊಫೆಸರೊಬ್ಬರನ್ನು ನಿಯೋಜಿಸಲು ಸಾಧ್ಯವೇ ಎಂದು ನಿರ್ದೇಶಕರ ಮೂಲಕ ಪತ್ರ ಬರೆದು ಕೇಳಿ. ಅದಕ್ಕೂ ಮೊದಲು ಕಾಲೇಜಿನ ಒಬ್ಬ ಹಳೆಯ ಸೂಪರಿಂಟೆಂಡೆಂಟರ ಪಕ್ಕ ವಾರಕ್ಕೊಂದು ಮಧ್ಯಾಹ್ನ ಕೂರಲಿ. ಕನ್ನಡದಲ್ಲಿ ಟಿಪ್ಪಣಿ ಬರೆಯುವುದನ್ನು ಅಲ್ಲೇ ಕಲಿಯಬೇಕು: "ಪರಿಶೀಲಿಸಲಾಗಿ...", "ಮೇಲ್ಕಂಡ ಕಾರಣಗಳಿಂದಾಗಿ...", "ಆದೇಶಕ್ಕಾಗಿ ಮಂಡಿಸಿದೆ". ಮೊದಲು ನಗು ಬರುತ್ತದೆ. ಮೊದಲ ಕಡತ ಪಾಸಾಗಿ ಬಂದ ದಿನ ನಗು ನಿಲ್ಲುತ್ತದೆ. ಖಾಸಗಿ, ಡೀಮ್ಡ್ ಕಾಲೇಜುಗಳಲ್ಲಿ ದಾರಿ ಬೇರೆ, ಹಣಕಾಸು ಅಧಿಕಾರಿಯ ಕೋಣೆ ಬೇರೆ. ಕಲಿಯುವ ಕೆಲಸ ಮಾತ್ರ ಒಂದೇ.

ಹೆಜ್ಜೆ 5: ಕೋರ್ಸುಗಳು, ಯಾವುದು ಮೊದಲು

ಬಡ್ತಿಗೆ ಬೇಕಾದ ಎರಡನ್ನು ಮೊದಲ ವರ್ಷಗಳಲ್ಲೇ ಮುಗಿಸಿ ಪಕ್ಕಕ್ಕಿಡಿ. ಒಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್. ಇನ್ನೊಂದು ಬಯೋಮೆಡಿಕಲ್ ರಿಸರ್ಚ್ ಬೇಸಿಕ್ ಕೋರ್ಸ್, ಇದು ಆನ್‌ಲೈನ್. ಇವು ನಾಯಕತ್ವ ಕಲಿಸುವುದಿಲ್ಲ, ಆದರೆ ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ.

ನಿಜಕ್ಕೂ ಫಲ ಕೊಡುವುದು ವೈದ್ಯಕೀಯ ಶಿಕ್ಷಣದ ಅಡ್ವಾನ್ಸ್‌ಡ್ ಕೋರ್ಸ್ ಅಥವಾ ವೈದ್ಯಕೀಯ ಶಿಕ್ಷಕರನ್ನು ತರಬೇತುಗೊಳಿಸುವ ಅಂತರರಾಷ್ಟ್ರೀಯ ಸಂಸ್ಥೆ ಫೈಮರ್‌ನ ಫೆಲೋಶಿಪ್. ಫೈಮರ್‌ನ ಪ್ರಾದೇಶಿಕ ಕೇಂದ್ರಗಳು ಭಾರತಕ್ಕೆ ಬಂದದ್ದು 2005ರಲ್ಲಿ, ಮುಂಬೈಯಿಂದ ಶುರುವಾಗಿ. ನಮಗೆ ಹತ್ತಿರದ್ದು ಕೊಯಮತ್ತೂರಿನ ಪಿಎಸ್‌ಜಿ. ಅದಕ್ಕೆ ಸೇರುವವರು ತಮ್ಮ ಕಾಲೇಜಿನಲ್ಲೇ ಒಂದು ಶೈಕ್ಷಣಿಕ ಯೋಜನೆ ಮಾಡಿ ತೋರಿಸಬೇಕು. ಕೋರ್ಸಿಗಿಂತ ಆ ಯೋಜನೆಯೇ ಮುಖ್ಯ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯ ರಾಜ್ಯ ಶಾಖೆಯಲ್ಲಿ ಓಡಾಡುವುದೂ ಒಳ್ಳೆಯದೇ, ಆದರೆ ಸಮ್ಮೇಳನ ಸಂಘಟಿಸಿದ್ದನ್ನೇ ಮುಂದಾಳುತನ ಎಂದುಕೊಳ್ಳಬಾರದು. ಊಟದ ಕೂಪನ್ ಹಂಚುವುದರಲ್ಲಿ ವರ್ಷ ಕಳೆದವರನ್ನು ಕಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಆರೋಗ್ಯ ವಿಭಾಗದ ನಿರ್ದೇಶಕರಾಗಿದ್ದ ನಾರ್ಮನ್ ಸಾರ್ಟೋರಿಯಸ್ ಎಳೆಯ ಮನೋವೈದ್ಯರಿಗೆಂದೇ ನಾನಾ ದೇಶಗಳಲ್ಲಿ ನಡೆಸಿದ ಶಿಬಿರಗಳಲ್ಲಿ ಒತ್ತು ಇದ್ದದ್ದು ತೀರಾ ಸರಳ ಕೌಶಲಗಳಿಗೆ: ಪ್ರಬಂಧ ಮಂಡಿಸುವುದು, ಸಭೆ ನಡೆಸುವುದು, ಪತ್ರ ಬರೆಯುವುದು. ಇವನ್ನು ನಿಮ್ಮ ವಿಭಾಗದಲ್ಲಿ ಶನಿವಾರ ಮಧ್ಯಾಹ್ನ ನೀವೇ ಕಲಿಸಬಹುದು.

ಊರಿನೊಳಗೆ ಇನ್ನೊಂದು ಮಾದರಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತದೆ, ಮೈಸೂರಿನಲ್ಲಿ ನಾಯಕತ್ವ ತರಬೇತಿಗೇ ಒಂದು ಸಂಸ್ಥೆ ಇಟ್ಟುಕೊಂಡಿದೆ. ಪಿಜಿಗಳನ್ನು ಒಂದು ವಾರ ಸರಗೂರಿಗೆ ಕಳಿಸಲು ಮಾತಾಡಿ ನೋಡಿ.

ಹೆಜ್ಜೆ 6: ಯಾವ ಸಮಿತಿಗೆ ಹೋಗಬೇಕು, ಯಾವುದಕ್ಕೆ ಬೇಡ

ಸಾಂಸ್ಕೃತಿಕ ಸಮಿತಿ, ಸ್ಮರಣ ಸಂಚಿಕೆ ಸಮಿತಿಗಳಿಗೆ ಎಳೆಯ ಅಧ್ಯಾಪಕರನ್ನು, ಅದರಲ್ಲೂ ಮಹಿಳೆಯರನ್ನು, ತಳ್ಳುವ ಅಭ್ಯಾಸ ಇದೆ. ದುಡ್ಡು, ಹುದ್ದೆ, ಪಠ್ಯದ ವಿಚಾರ ಚರ್ಚೆಯಾಗುವ ಸಮಿತಿಗಳಲ್ಲಿ ಅದೇ ಹೆಸರುಗಳು ಕಾಣುವುದಿಲ್ಲ. ಎಚ್‌ಒಡಿ ವರ್ಷಕ್ಕೊಮ್ಮೆ ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಯಾರ ಹೆಸರು ಎಲ್ಲಿದೆ ಎಂದು ನೋಡಬೇಕು.

ಮನೋವೈದ್ಯರ ಜ್ಞಾನ ನೇರವಾಗಿ ಕೆಲಸಕ್ಕೆ ಬರುವ ಜಾಗ ಮೂರು. ಒಂದು, ಪಠ್ಯಕ್ರಮ ಸಮಿತಿ. 2019ರ ಬ್ಯಾಚಿನಿಂದ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನ ಕಲಿಸುವ ಏಟ್‌ಕಾಮ್ ಇದೆ. ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂದು ಕಲಿಸಲು ನಮಗಿಂತ ಅನುಭವಿಗಳು ಯಾರು? ಆದರೆ ಅನೇಕ ಕಡೆ ಅದು ಯಾರಿಗೂ ಬೇಡದ ಕೂಸಾಗಿ ಬಿದ್ದಿರುತ್ತದೆ. ಎತ್ತಿಕೊಳ್ಳಿ. ಮಂಡ್ಯದ ಹಳ್ಳಿಯ ಅಜ್ಜಿಯ ಪಾತ್ರ ಮಾಡಿ "ನನ್ ಮಗ ಉಳಿತಾನಾ ಸಾ?" ಎಂದು ಕೇಳುವವರನ್ನು ಎದುರಿಗೆ ಕೂರಿಸಿ, ವಿದ್ಯಾರ್ಥಿಗಳು ಕನ್ನಡದಲ್ಲಿ ಉತ್ತರಿಸಲಿ. ಇಂಗ್ಲಿಷಿನಲ್ಲಿ ಚಂದ ಉತ್ತರಿಸುವವರೂ ಇಲ್ಲಿ ತಡವರಿಸುತ್ತಾರೆ.

ಎರಡು, ನೈತಿಕತಾ ಸಮಿತಿ. ಸಂಶೋಧನೆಗೆ ಒಪ್ಪಿಗೆ ಕೊಡುವ ರೋಗಿಗೆ ಆ ಒಪ್ಪಿಗೆಯ ಅರ್ಥ ಆಗಿದೆಯೇ ಎಂದು ನಿರ್ಧರಿಸುವುದು ನಮ್ಮ ನಿತ್ಯದ ಕೆಲಸ.

ಮೂರು, ಮಾನಸಿಕ ಆರೋಗ್ಯ ಕಾಯ್ದೆಯ ಪಾಲನೆ. ಕ್ಯಾಶುಯಲ್ಟಿಯಲ್ಲಿ ಕೈಕಾಲು ಕಟ್ಟುವುದಕ್ಕೆ ನಿಯಮ ಇದೆ. ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು, ಆದರೆ ಇಸಿಟಿ ಕೊಡುವಂತಿಲ್ಲ. ಅರಿವಳಿಕೆ ಇಲ್ಲದ ಇಸಿಟಿ ನಿಷಿದ್ಧ. ಇಡೀ ಆಸ್ಪತ್ರೆಗೆ ಇದನ್ನು ಕಲಿಸುವ ಹೊಣೆಯನ್ನು ಅಸಿಸ್ಟೆಂಟ್ ಪ್ರೊಫೆಸರೊಬ್ಬರಿಗೆ ಲಿಖಿತವಾಗಿ ಕೊಡಿಸಿ. ಸೆಕ್ಯುರಿಟಿಯವರಿಂದ ಹಿಡಿದು ಅನಸ್ತೇಶಿಯಾ ಎಚ್‌ಒಡಿವರೆಗೆ ಎಲ್ಲರೂ ಆರು ತಿಂಗಳಲ್ಲಿ ಅವರನ್ನು ಹೆಸರು ಹಿಡಿದು ಕರೆಯುವಂತಾಗುತ್ತದೆ.

ಹೆಜ್ಜೆ 7: ಕೇಳುವ ಕಿವಿಯ ಅಪಾಯ

ನಮ್ಮ ವೃತ್ತಿಯ ದೊಡ್ಡ ಬಲ ಕೇಳಿಸಿಕೊಳ್ಳುವುದು. ಸಭೆಯಲ್ಲಿ ಅದೇ ತಿರುಗುಬಾಣ. ಥೆರಪಿಯಲ್ಲಿ ಮೌನಕ್ಕೆ ಬೆಲೆ ಇದೆ, ಕೌನ್ಸಿಲ್‌ನಲ್ಲಿ ಮೌನವನ್ನು ಒಪ್ಪಿಗೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ಒಂದು ಅಂಕಿ, ಒಂದು ಬೇಡಿಕೆ ಹೇಳಿಬಿಡಬೇಕು ಎಂದು ನನ್ನ ಕಿರಿಯರಿಗೆ ಹೇಳುತ್ತೇನೆ. "ಕಳೆದ ತಿಂಗಳು ಇಷ್ಟು ರೆಫರೆನ್ಸ್ ಬಂದಿವೆ, ರಾತ್ರಿಗೆ ಒಬ್ಬ ಸೀನಿಯರ್ ರೆಸಿಡೆಂಟ್ ಬೇಕು." ಸಾಕು.

ಎರಡನೇ ಅಪಾಯ ಸಹೋದ್ಯೋಗಿಗಳಿಗೆ ರೋಗನಿರ್ಣಯ ಮಾಡುವುದು. "ಅವರದ್ದು ಪಕ್ಕಾ ನಾರ್ಸಿಸಿಸ್ಟಿಕ್" ಎಂದು ಟೀ ಕುಡಿಯುವಾಗ ಆಡಿದ ಮಾತು ಸಂಜೆಯೊಳಗೆ ಸಂಬಂಧಪಟ್ಟವರ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಆ ವಿಭಾಗದಿಂದ ಯಾರೂ ನಿಮ್ಮೆದುರು ಮನಸ್ಸು ಬಿಚ್ಚುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಯಲ್ಲಿ ಉತ್ತರಿಸಿದ ಪಿಜಿಗಳಲ್ಲಿ ಶೇ 31ರಷ್ಟು ಮಂದಿ ಆತ್ಮಹತ್ಯೆಯ ಯೋಚನೆ ಬಂದದ್ದನ್ನು ಹೇಳಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ಕಾಲೇಜು ತಿರುಗಿ ನೋಡುವುದು ನಮ್ಮ ಕಡೆಗೇ. ಆದರೆ ಇಂಟರ್ನಲ್ ಮಾರ್ಕ್ಸ್ ಕೊಡುವವರೇ ಚಿಕಿತ್ಸೆಯನ್ನೂ ಕೊಟ್ಟರೆ ಯಾವ ವಿದ್ಯಾರ್ಥಿ ಬಂದಾರು? ಇಲ್ಲಿ ನಮ್ಮ ಭೂಗೋಳ ನೆರವಿಗೆ ಬರುತ್ತದೆ. ಮೈಸೂರಿಗೂ ಮಂಡ್ಯಕ್ಕೂ ಇರುವುದು 45 ಕಿಲೋಮೀಟರ್ ಆಸುಪಾಸು. ಮಂಡ್ಯದ ವಿದ್ಯಾರ್ಥಿಗಳನ್ನು ಮೈಸೂರಿನ ಕಾಲೇಜೊಂದರ ಮನೋವೈದ್ಯರು, ಮೈಸೂರಿನವರನ್ನು ಮಂಡ್ಯದವರು ನೋಡುವಂತೆ ಕಾಲೇಜುಗಳ ನಡುವೆ ಒಡಂಬಡಿಕೆ ಮಾಡಿಕೊಳ್ಳಿ. ಇದನ್ನು ಕುದುರಿಸುವ ಕೆಲಸವನ್ನೇ ನಿಮ್ಮ ಎರಡನೇ ಸಾಲಿನವರಿಗೆ ವಹಿಸಿ.

ಮೇಲಿನವರು "ಆ ಹುಡುಗಿಗೆ ಏನಂತೆ ಡಾಕ್ಟ್ರೇ?" ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಅಭ್ಯಾಸ ಆಗಿರಲಿ: "ಸರ್, ಅವರು ಕಾಲೇಜಿಗೆ ಬರೋಕೆ ಫಿಟ್ ಇದ್ದಾರಾ ಅನ್ನೋದಷ್ಟನ್ನ ಅವರ ಒಪ್ಪಿಗೆ ತಗೊಂಡು ಬರೆದು ಕೊಡ್ತೀನಿ." ಗೌಪ್ಯತೆ ರೋಗಿಯ ಹಕ್ಕು ಎಂದು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಅದನ್ನು ಉಲ್ಲೇಖಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ದನಿ ಗಟ್ಟಿ ಇದ್ದರೆ ಸಾಕು.

ಹೆಜ್ಜೆ 8: ಸಂಶೋಧನೆ, ಸಾರ್ವಜನಿಕ ಮಾತು

ಸಂಶೋಧನೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಬೇರೆ ಮಾರ್ಗದರ್ಶಿಗಳಿವೆ. ಒಂದೇ ಸಲಹೆ: ಎರಡನೇ ಹೆಜ್ಜೆಯ ರಿಜಿಸ್ಟರಿನಿಂದಲೇ ಪ್ರಬಂಧ ಹುಟ್ಟಲಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇರುವವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ಹೇಳಿತು. ನಿಮ್ಮ ತಾಲ್ಲೂಕಿನಲ್ಲಿ ಅದು ಏಕೆ ಹಾಗೆ ಎಂಬ ಪ್ರಶ್ನೆಗೆ ಉತ್ತರ ನೀವೇ ಹುಡುಕಬೇಕು.

ಜನರ ಮುಂದೆ ಮಾತಾಡುವ ಅಭ್ಯಾಸವೂ ಬೇಕು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿ ಆಕಾಶವಾಣಿ ಎಂದು ಕರೆದ ಊರು ಇದು. ಅವರು ವೈದ್ಯರಲ್ಲ, ನಿಜ. ಆದರೆ ಪಾಠದ ಕೋಣೆಯಾಚೆಯ ಕೇಳುಗರೂ ಪ್ರಾಧ್ಯಾಪಕರ ಹೊಣೆ ಎಂದು ಅವರಿಗೆ ಅನಿಸಿತ್ತು. ನಿಮ್ಮ ಪಿಜಿ ತಿಂಗಳಿಗೊಮ್ಮೆ ಬಾನುಲಿಯಲ್ಲೋ ಕೃಷಿ ಪತ್ತಿನ ಸಂಘದ ಸಭೆಯಲ್ಲೋ ಹದಿನೈದು ನಿಮಿಷ ಕನ್ನಡದಲ್ಲಿ ಮಾತಾಡಲಿ.

ಹೆಜ್ಜೆ 9: ಕುರ್ಚಿ ಬಿಡುವುದು

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಶುರುಮಾಡಿ. ವಿಭಾಗದ ಸಭೆಯ ಅಧ್ಯಕ್ಷತೆ ಮುಂದಿನವರಿಗೆ ಕೊಟ್ಟು, ನೀವು ಮೂಲೆಯ ಕುರ್ಚಿಯಲ್ಲಿ ಕೂರಿ. ಅವರ ತೀರ್ಮಾನ ನಿಮಗೆ ಹಿಡಿಸದಿದ್ದಾಗಲೂ ಅಲ್ಲಿ ತಿದ್ದಬೇಡಿ. ಆಯೋಗದ ತಪಾಸಣೆಯ ವರ್ಷ ಪೂರ್ತಿ ದಾಖಲೆ ಸಿದ್ಧಪಡಿಸುವ ಕೆಲಸ ಅವರದೇ ಆಗಲಿ, ಸಹಿ ಮಾತ್ರ ನಿಮ್ಮದು.

ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ಸ್ಟಾಕ್ ಪುಸ್ತಕಗಳ ಜೊತೆ ಈ ನಾಲ್ಕೂ ಇರಬೇಕು: ಬಾಕಿ ಉಳಿದ ಕಡತಗಳ ಸಂಖ್ಯೆ ಮತ್ತು ಅವು ಯಾರ ಮೇಜಿನ ಮೇಲಿವೆ, ಐಸಿಯು ಒಪ್ಪಂದದ ಮೂಲ ಪ್ರತಿ, ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ನವೀಕರಿಸಬೇಕಾದ ದಿನಾಂಕ, ರೆಫರೆನ್ಸ್ ರಿಜಿಸ್ಟರ್ ಈಗ ಯಾವ ಪಿಜಿಯ ಕೈಯಲ್ಲಿದೆ ಎಂಬ ಹೆಸರು.